ಚಳಿಗಾಲದ ದೋಣಿ ಮೀನುಗಾರಿಕೆಗೆ ಬೆಚ್ಚಗಿನ, ಸುರಕ್ಷಿತ ಉಡುಪನ್ನು ಆರಿಸುವ ಕ್ರಮ

ಚಳಿಗಾಲದಲ್ಲಿ ದೋಣಿಯೇರಿ ಮೀನು ಹಿಡಿಯಲು ಹೊರಡುವವರು ಬಹುಮಟ್ಟಿಗೆ ಅಂದಿನ ಹವೆಯನ್ನು ನೋಡಿ ಬಟ್ಟೆ ಆರಿಸಿಕೊಳ್ಳುತ್ತಾರೆ. ಬಿಸಿಲು ಬಿದ್ದಿದ್ದರೆ ಒಂದು ಸ್ವೆಟರ್ ಕಡಿಮೆ, ಮೋಡ ಕವಿದಿದ್ದರೆ ಒಂದು ಹೆಚ್ಚು. ದಡದಲ್ಲಿ ಕುಳಿತು ಗಾಳ ಹಾಕುವವರಿಗೆ ಈ ಲೆಕ್ಕ ಸಾಕಾಗಬಹುದು, ದೋಣಿಯಲ್ಲಿರುವವರಿಗೆ ಸಾಲದು. ದೋಣಿಯಲ್ಲಿ ಉಡುಪಿಗೆ ಎರಡು ಹೊಣೆಗಳಿವೆ. ಗಂಟೆಗಟ್ಟಲೆ ಅಲುಗಾಡದೆ ಕುಳಿತ ಮೈಯನ್ನು ಗಾಳಿಯಿಂದಲೂ ತೇವದಿಂದಲೂ ಕಾಪಾಡುವುದು ಒಂದು. ಕಾಲು ಜಾರಿ ನೀರಿಗೆ ಬಿದ್ದರೆ ದೋಣಿಗೆ ಮರಳಿ ಹತ್ತುವವರೆಗೆ ಉಸಿರನ್ನೂ ಕೈಕಾಲಿನ ಶಕ್ತಿಯನ್ನೂ ಉಳಿಸಿಕೊಡುವುದು ಇನ್ನೊಂದು. ಮೊದಲನೆಯದನ್ನಷ್ಟೇ ಯೋಚಿಸಿ ಕೊಂಡ ಬಟ್ಟೆ ಎಷ್ಟು ಬೆಚ್ಚಗಿದ್ದರೂ ಅರ್ಧ ಉಡುಪೇ ಸರಿ. ಆದ್ದರಿಂದ ಇಲ್ಲಿ ಮೊದಲು ನೀರಿನ ಉಷ್ಣಾಂಶದ ವಿಚಾರ, ಆಮೇಲೆ ಲೈಫ್ ಜಾಕೆಟ್, ಅದು ತೀರ್ಮಾನವಾದ ಮೇಲೆಯೇ ಉಣ್ಣೆ, ಫ್ಲೀಸ್ (ಪಾಲಿಯೆಸ್ಟರ್ ಎಳೆಯ ಮೆತ್ತನೆಯ, ಜುಂಗಿನಂತಹ ಬಟ್ಟೆ), ರೇನ್‌ಕೋಟುಗಳ ಮಾತು.

ಹೊರಡುವ ಮುನ್ನ ನೀರು ಎಷ್ಟು ತಣ್ಣಗಿದೆ ಎಂದು ತಿಳಿದುಕೊಳ್ಳಿ

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಹೀಗಾಗಿ ಗಾಳಿಯಲ್ಲಿ ಹಿತವೆನಿಸುವ ಉಷ್ಣಾಂಶವೇ ನೀರಿನಲ್ಲಿ ಮೈಯನ್ನು ಕೊರೆಯುತ್ತದೆ. ಚಳಿಗಾಲ ಕಳೆದು ಬಿಸಿಲು ಏರುವ ದಿನಗಳಲ್ಲಿ ಅಪಾಯ ಹೆಚ್ಚು ಮರೆಯಾಗಿರುತ್ತದೆ. ಗಾಳಿ ಕೆಲವೇ ದಿನಗಳಲ್ಲಿ ಬೆಚ್ಚಗಾದರೂ ದೊಡ್ಡ ಕೆರೆ, ಜಲಾಶಯ, ಸಮುದ್ರಗಳ ನೀರು ಬೆಚ್ಚಗಾಗಲು ವಾರಗಳೇ ಬೇಕು. ಮೇಲೆ 20 ಡಿಗ್ರಿ ಸೆಲ್ಸಿಯಸ್ ಇರುವ ಹಗಲಿನಲ್ಲಿ ಕೆಳಗಿನ ನೀರು 7–8 ಡಿಗ್ರಿಯಲ್ಲೇ ಉಳಿದಿರಬಹುದು. ಅಂತಹ ದಿನ ತೆಳುವಾದ ಅಂಗಿ ತೊಟ್ಟು ಹೊರಟವರಿಗೆ ದೋಣಿಯಲ್ಲಿ ಇರುವಷ್ಟು ಹೊತ್ತು ತಾವು ಸರಿಯಾಗಿಯೇ ಆರಿಸಿಕೊಂಡೆವು ಎನಿಸುತ್ತಿರುತ್ತದೆ.

ನೀರು 15 ಡಿಗ್ರಿಗಿಂತ ತಣ್ಣಗಿದ್ದರೆ ಬಿದ್ದ ಕ್ಷಣದ ಆಘಾತವೇ ದೊಡ್ಡ ಅಪಾಯ ಎಂದು ತಿಳಿಯಬೇಕು. ಮೈಮೇಲೆ ತಣ್ಣೀರು ಹರಿದೊಡನೆ ಮನುಷ್ಯ ತಡೆಯಲಾಗದಂತೆ ಒಮ್ಮೆಲೇ ಉಸಿರನ್ನು ಎಳೆದುಕೊಳ್ಳುತ್ತಾನೆ. ಆ ಹೊತ್ತಿಗೆ ಮುಖ ನೀರಿನೊಳಗಿದ್ದರೆ ಎಳೆದುಕೊಳ್ಳುವುದು ನೀರನ್ನು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಚಳಿಗೆ ಮೈ ಹೇಗೆ ಸ್ಪಂದಿಸುತ್ತದೆ ಎಂದು ಅಧ್ಯಯನ ಮಾಡಿದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ತಣ್ಣೀರಿನ ಅಪಾಯವನ್ನು ನೆನಪಿಡಲು 1–10–1 ಎಂಬ ಸೂತ್ರವನ್ನು ಪ್ರಚಾರಕ್ಕೆ ತಂದಿದ್ದಾರೆ. ಕೊರೆಯುವ ನೀರಿನಲ್ಲಿ ಉಸಿರಾಟವನ್ನು ಹತೋಟಿಗೆ ತಂದುಕೊಳ್ಳಲು ಸುಮಾರು 1 ನಿಮಿಷ ಬೇಕು. ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ. ದೇಹದ ಒಳಗಿನ ಉಷ್ಣಾಂಶ ಇಳಿದು ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಹಿಡಿಯುತ್ತದೆ. ಮೈ ಕಟ್ಟು, ವಯಸ್ಸು, ತೊಟ್ಟ ಬಟ್ಟೆ, ನೀರಿನ ಉಷ್ಣಾಂಶಗಳಿಗೆ ತಕ್ಕಂತೆ ಈ ಅಂಕಿಗಳು ಹೆಚ್ಚು ಕಡಿಮೆಯಾಗುತ್ತವೆ, ಆದರೆ ಅವುಗಳ ಕ್ರಮ ಬದಲಾಗುವುದಿಲ್ಲ. ಬೆಚ್ಚಗಿನ ಬಟ್ಟೆ ನೆರವಾಗುವುದು ಮುಖ್ಯವಾಗಿ ಕೊನೆಯ ಹಂತದಲ್ಲಿ. ಮೊದಲ ಎರಡು ಹಂತಗಳನ್ನು ದಾಟಿಸುವುದು ತೇಲಿಸುವ ಸಾಧನ. ಲೈಫ್ ಜಾಕೆಟ್ಟಿಗೆ ಇಲ್ಲಿ ಮೊದಲ ಸ್ಥಾನ ಕೊಟ್ಟಿರುವುದು ಈ ಕಾರಣಕ್ಕೆ.

ಗಾಳಿಯ ಲೆಕ್ಕವನ್ನೂ ಬಿಡುವಂತಿಲ್ಲ. 5 ಡಿಗ್ರಿ ಉಷ್ಣಾಂಶದಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ ತೆರೆದ ಚರ್ಮಕ್ಕೆ ಅದು 0 ಡಿಗ್ರಿಯಂತೆ ತಾಗುತ್ತದೆ. 0 ಡಿಗ್ರಿಯಲ್ಲಿ ಅದೇ ಗಾಳಿ ಮೈನಸ್ 6ಕ್ಕಿಂತ ಕೆಳಗಿನ ಚಳಿಯನ್ನು ತರುತ್ತದೆ. ಎಲೆ ಅಲುಗದ ದಿನವೂ ಎಂಜಿನ್ ದೋಣಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಓಡಿದರೆ ಅಷ್ಟೇ ಗಾಳಿ ಎದುರಿಗೆ ಬಡಿಯುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಮೀನಿರುವ ಜಾಗಕ್ಕೆ ತಲುಪುವ ಅರ್ಧ ಗಂಟೆಯಲ್ಲೇ ಕೈ ಮರಗಟ್ಟಿ ಹೋಗುವುದಕ್ಕೆ ಇದೇ ಕಾರಣ.

ಲೈಫ್ ಜಾಕೆಟ್ ಅಥವಾ ತೇಲುವ ಸೂಟ್ ಆರಿಸಿಕೊಳ್ಳಿ

ಲೈಫ್ ಜಾಕೆಟ್ಟಿನ ತೇಲಿಸುವ ಶಕ್ತಿಯನ್ನು ಬಲದ ಅಳತೆಯಾದ ನ್ಯೂಟನ್ ಲೆಕ್ಕದಲ್ಲಿ ಹೇಳುತ್ತಾರೆ. ಐಎಸ್‌ಒ 12402 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ 50, 100, 150 ಮತ್ತು 275 ನ್ಯೂಟನ್ ಎಂಬ ನಾಲ್ಕು ಮಟ್ಟಗಳಿವೆ. 50ರದ್ದು ಈಜು ಬಲ್ಲವರಿಗೆ, ಅದೂ ನೆರವು ಹತ್ತಿರದಲ್ಲೇ ಇರುವಾಗ. ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸುತ್ತದೆ ಎಂದು ನಂಬುವಂತಿಲ್ಲ. 100 ನ್ಯೂಟನ್ ಶಾಂತವಾದ ನೀರಿಗೆ ಸಾಕು. ದಡದಿಂದ ದೂರ ಹೋಗುವವರಿಗೂ ಅಲೆಯಿರುವ ನೀರಿಗೂ 150 ಬೇಕು. ಬಹಳ ದಪ್ಪನೆಯ ರಕ್ಷಣಾ ಉಡುಪು ತೊಟ್ಟವರಿಗೆ, ಮೈಮೇಲೆ ಭಾರದ ಸಲಕರಣೆ ಹೊತ್ತವರಿಗೆ 275. ಚಳಿಗಾಲದಲ್ಲಿ ಈ ಕೊನೆಯ ಮಟ್ಟದ ಬಗ್ಗೆ ಯೋಚಿಸಬೇಕಾಗುವುದಕ್ಕೆ ಕಾರಣ ಬಟ್ಟೆಯ ತೂಕಕ್ಕಿಂತ ಅದರೊಳಗೆ ಸಿಕ್ಕಿಕೊಂಡ ಗಾಳಿ. ಬೆನ್ನಿನ ಕಡೆಯೋ ಕಾಲಿನ ಕಡೆಯೋ ಉಳಿದ ಗಾಳಿ ಮೈಯನ್ನು ಬೋರಲು ಹಿಡಿದಿಟ್ಟರೆ, ಮುಖ ಮೇಲಾಗುವಂತೆ ತಿರುಗಿಸಲು ಲೈಫ್ ಜಾಕೆಟ್ಟಿಗೆ ಹೆಚ್ಚಿನ ಶಕ್ತಿ ಬೇಕಾಗುತ್ತದೆ.

ಚಳಿಗಾಲಕ್ಕೆ ಮೂರು ದಾರಿಗಳಿವೆ. ಫೋಮ್ ತುಂಬಿದ ಲೈಫ್ ಜಾಕೆಟ್ ಕೈಕೊಡುವ ಪ್ರಮೇಯ ಬಹಳ ಕಡಿಮೆ, ಜೊತೆಗೆ ಎದೆಯನ್ನು ಬೆಚ್ಚಗೂ ಇಡುತ್ತದೆ, ಆದರೆ ಗಾಳದ ಕೋಲನ್ನು ಬೀಸುವಾಗ ತೋಳಿಗೆ ಅಡ್ಡಬರುತ್ತದೆ. ಗಾಳಿ ತುಂಬಿಕೊಳ್ಳುವ ಬಗೆಯದು ಹೆಗಲ ಮೇಲಿನ ತೆಳು ಪಟ್ಟಿಯಂತಿದ್ದು ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. ಆದರೆ ಅದರೊಳಗಿನ ಅನಿಲದ ಸಿಲಿಂಡರ್ ಬಿಗಿಯಾಗಿದೆಯೇ, ತೆರೆಯುವ ಸಾಧನದ ಅವಧಿ ಮುಗಿದಿಲ್ಲವೇ ಎಂದು ಪ್ರತಿ ಸಲ ನೋಡಲೇಬೇಕು. ಸಿಲಿಂಡರ್ ತಣ್ಣಗಿದ್ದಷ್ಟೂ ಗಾಳಿ ತುಂಬುವುದು ನಿಧಾನವಾಗುವುದರಿಂದ, ತಯಾರಕರು ನಮೂದಿಸಿದ ಕನಿಷ್ಠ ಉಷ್ಣಾಂಶವನ್ನು ಓದಿಕೊಂಡೇ ಕೊಳ್ಳಬೇಕು. ಈಜು ಬಾರದವರಿಗೆ ಚಳಿಗಾಲದಲ್ಲಿ ಫೋಮಿನದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದು ತೇಲುವ ಸೂಟ್. ಕೋಟು ಮತ್ತು ಪ್ಯಾಂಟಿನ ಒಳಪದರದಲ್ಲೇ ತೇಲುವ ಫೋಮ್ ಇರುವ ಈ ಉಡುಪು ಗಾಳಿಯನ್ನು ತಡೆಯುತ್ತದೆ, ಬೆಚ್ಚಗಿಡುತ್ತದೆ, ಬಿದ್ದರೆ ತೇಲಿಸುತ್ತದೆ, ನೀರಿನೊಳಗೂ ಶಾಖವನ್ನು ಒಂದಿಷ್ಟು ಹೊತ್ತು ಹಿಡಿದಿಡುತ್ತದೆ. ಚಳಿಗಾಲದ ದೋಣಿ ಮೀನುಗಾರಿಕೆಗೆ ಒಂದೇ ಉಡುಪಿಗೆ ಹಣ ಹಾಕುವುದಾದರೆ ಇದಕ್ಕೇ ಹಾಕಬೇಕು. ಆದರೂ ಒಂದು ಎಚ್ಚರಿಕೆ ಬೇಕು. ಇಂತಹ ಸೂಟುಗಳಲ್ಲಿ ಹೆಚ್ಚಿನವು 50 ನ್ಯೂಟನ್ ಮಟ್ಟದವು. ಅವು ಲೈಫ್ ಜಾಕೆಟ್ ಅಲ್ಲ. ದಡದಿಂದ ದೂರ ಹೋಗುವಾಗ ಅದರ ಮೇಲೆ ಲೈಫ್ ಜಾಕೆಟ್ಟೂ ಇರಬೇಕು, ಮತ್ತು ಆ ಎರಡೂ ಒಟ್ಟಿಗೆ ಹೊಂದುತ್ತವೆಯೇ ಎಂದು ತಯಾರಕರ ಸೂಚನೆಯಲ್ಲಿ ನೋಡಿಕೊಳ್ಳಬೇಕು.

ಲೈಫ್ ಜಾಕೆಟ್ ಎಲ್ಲಕ್ಕಿಂತ ಮೇಲಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಚಳಿಯೆಂದು ಅದರ ಮೇಲೆ ಕೋಟು ತೊಟ್ಟು ಜಿಪ್ಪು ಎಳೆದುಕೊಂಡರೆ, ಗಾಳಿ ತುಂಬುವ ಬಗೆಯದು ಒಳಗೇ ಉಬ್ಬಿ ಎದೆಯನ್ನೂ ಕುತ್ತಿಗೆಯನ್ನೂ ಒತ್ತುತ್ತದೆ. ಉಸಿರು ಬೇಕಾದ ಹೊತ್ತಿನಲ್ಲೇ ಉಸಿರು ಕಟ್ಟುತ್ತದೆ. ತೊಡೆಗಳ ನಡುವೆ ಹಾದುಹೋಗುವ ಪಟ್ಟಿಯನ್ನೂ ಕಟ್ಟಿಕೊಳ್ಳಿ. ದಪ್ಪ ಬಟ್ಟೆಯ ಮೇಲೆ ಸಡಿಲವಾಗಿ ಕೂತ ಲೈಫ್ ಜಾಕೆಟ್ ನೀರಿಗೆ ಬಿದ್ದೊಡನೆ ಮೇಲಕ್ಕೆ ಸರಿದು ಕಿವಿಯವರೆಗೆ ಬಂದು ನಿಲ್ಲುತ್ತದೆ, ಬಾಯಿ ಮಾತ್ರ ನೀರಿನ ಮಟ್ಟದಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಅಳತೆ ಮಾಡಿಟ್ಟ ಪಟ್ಟಿಗಳು ಚಳಿಗಾಲದ ಬಟ್ಟೆಯ ಮೇಲೆ ಎಟುಕದಿರುವುದೂ ಉಂಟು. ಪಟ್ಟಿಗಳನ್ನು ದಡದಲ್ಲೇ, ಎಲ್ಲ ಬಟ್ಟೆ ತೊಟ್ಟ ಮೇಲೆ ಸರಿಪಡಿಸಿಕೊಳ್ಳಬೇಕು.

ಮೈಗೆ ತಾಗುವ ಪದರ

ಇದನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದು: ಹತ್ತಿಯ ಬಟ್ಟೆ ಬೇಡ. ಹತ್ತಿ ಬೆವರನ್ನೂ ನೀರನ್ನೂ ಹೀರಿಕೊಂಡು ಮೈಗೆ ಅಂಟಿ, ತಾನು ಒಣಗಲು ಮೈಯ ಶಾಖವನ್ನೇ ತೆಗೆದುಕೊಳ್ಳುತ್ತದೆ. ಬನಿಯನ್, ಒಳಚಡ್ಡಿ, ಜೀನ್ಸ್ ಪ್ಯಾಂಟ್, ಕಾಲ್ಚೀಲ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಮೇಲೆಲ್ಲ ಒಳ್ಳೆಯ ಉಣ್ಣೆ ತೊಟ್ಟು ಒಳಗೆ ಹತ್ತಿಯ ಬನಿಯನ್ ಹಾಕಿಕೊಂಡವರು ಮಧ್ಯಾಹ್ನದ ಹೊತ್ತಿಗೆ ಬೆನ್ನು ತಣ್ಣಗಾಗಿದೆ ಎಂದು ದೂರುವುದು ಸಾಮಾನ್ಯ.

ಮೆರಿನೋ ಉಣ್ಣೆಯ ಅಥವಾ ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಎಳೆಗಳ ಥರ್ಮಲ್ ಉಡುಪು ಆರಿಸಿಕೊಳ್ಳಿ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವವನ್ನು ಎಳೆಗಳೊಳಗೆ ಹಿಡಿದುಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ, ತೊಯ್ದಾಗಲೂ ಒಂದಿಷ್ಟು ಬೆಚ್ಚಗಿರುತ್ತದೆ, ವಾಸನೆಯೂ ಕಡಿಮೆ. ಕೃತಕ ಎಳೆಗಳು ಉಣ್ಣೆಗಿಂತ ಬೇಗ ಒಣಗುತ್ತವೆ, ಹೆಚ್ಚು ಬಾಳುತ್ತವೆ, ಆದರೆ ಬೆಂಕಿಯ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ದೋಣಿಯಲ್ಲಿ ಒಲೆ ಅಥವಾ ಹೀಟರ್ ಬಳಸುವವರು ಇದನ್ನು ಗಮನದಲ್ಲಿಡಬೇಕು. ಈ ಪದರ ಮೈಗೆ ಅಂಟಿದಂತಿರಬೇಕು, ಆದರೆ ಕಂಕುಳಲ್ಲೂ ಮಂಡಿಯ ಹಿಂದೆಯೂ ಬಿಗಿಯಬಾರದು.

ಶಾಖ ಹಿಡಿದಿಡುವ ನಡುವಿನ ಪದರ

ಬೆಚ್ಚಗಿಡುವುದು ಬಟ್ಟೆಯ ನಡುವೆ ನಿಂತ ಗಾಳಿ. ಆದ್ದರಿಂದ ಒಂದು ಬಹಳ ದಪ್ಪ ಸ್ವೆಟರಿಗಿಂತ ಎರಡು ಮಧ್ಯಮ ದಪ್ಪದವು ಮೇಲು. ಬಿಸಿಯಾದಾಗ ಒಂದನ್ನು ತೆಗೆಯಲೂ ಬರುತ್ತದೆ. ಫ್ಲೀಸ್ ಇಲ್ಲಿ ಉತ್ತಮ ಆಯ್ಕೆ. ಅದು ನೀರನ್ನು ಹೆಚ್ಚು ಹೀರುವುದಿಲ್ಲ, ಹಿಂಡಿದರೆ ಬಹುಪಾಲು ನೀರು ಹೊರಟುಹೋಗುತ್ತದೆ. ಒತ್ತಾಗಿ ಹೆಣೆದ ಉಣ್ಣೆಯ ಸ್ವೆಟರೂ ಚೆನ್ನ. ಪಕ್ಷಿಯ ಪುಕ್ಕ ತುಂಬಿದ ಜಾಕೆಟ್ ಒಣ ಚಳಿಯಲ್ಲಿ ಎಲ್ಲಕ್ಕಿಂತ ಬೆಚ್ಚಗಿದ್ದರೂ, ತೊಯ್ದರೆ ಪುಕ್ಕವೆಲ್ಲ ಮುದ್ದೆಯಾಗಿ ಏನೂ ಉಪಯೋಗಕ್ಕೆ ಬಾರದು. ನೀರು ಎರಚುವ ದೋಣಿಯಲ್ಲಿ ಅದಕ್ಕೆ ಜಾಗವಿಲ್ಲ. ಕೃತಕ ಎಳೆ ತುಂಬಿದ ಜಾಕೆಟ್ ಸ್ವಲ್ಪ ಭಾರವಾದರೂ ತೇವದಲ್ಲಿ ಕೆಲಸ ಮಾಡುತ್ತದೆ.

ಕಾಲುಗಳನ್ನು ಮರೆಯುವವರೇ ಹೆಚ್ಚು. ಮೇಲೆ ನಾಲ್ಕು ಪದರ, ಕೆಳಗೆ ಒಂದೇ ಪ್ಯಾಂಟ್ ತೊಟ್ಟು ತಣ್ಣನೆಯ ಹಲಗೆಯ ಮೇಲೆ ಗಂಟೆಗಟ್ಟಲೆ ಕೂತರೆ ಚಳಿ ಆಸನದಿಂದಲೇ ಮೇಲೇರುತ್ತದೆ. ಥರ್ಮಲ್ ಪ್ಯಾಂಟಿನ ಮೇಲೆ ಫ್ಲೀಸ್ ಪ್ಯಾಂಟ್ ತೊಟ್ಟು, ಕೂರಲು ಫೋಮ್ ಹಾಸನ್ನು ಒಯ್ದರೆ ದಿನದ ಕೊನೆಗೆ ಆಗುವ ವ್ಯತ್ಯಾಸ ದೊಡ್ಡದು. ಬ್ಯಾಟರಿಯಿಂದ ಬಿಸಿಯಾಗುವ ತೋಳಿಲ್ಲದ ಜಾಕೆಟ್ ಬಳಸುವವರು ಅದನ್ನು ಹೆಚ್ಚುವರಿ ಸೌಕರ್ಯ ಎಂದು ಮಾತ್ರ ಎಣಿಸಬೇಕು. ಬ್ಯಾಟರಿ ತೀರಿದ ಮೇಲೂ ಉಳಿದ ಬಟ್ಟೆಯೇ ಸಾಕಾಗುವಂತಿರಬೇಕು.

ನೀರು, ಗಾಳಿ ತಡೆಯುವ ಹೊರಪದರ

ಹೊರಪದರದಲ್ಲಿ ಎರಡು ಬಗೆ. ಪಿವಿಸಿ ಅಥವಾ ರಬ್ಬರ್ ಲೇಪದ ರೇನ್‌ಕೋಟು ಹನಿ ನೀರನ್ನೂ ಒಳಬಿಡುವುದಿಲ್ಲ, ಮೀನಿನ ಲೋಳೆ, ರಕ್ತ, ಹುರುಪೆ ಅಂಟಿದರೆ ಒಂದು ಬಕೆಟ್ ನೀರಿನಲ್ಲಿ ತೊಳೆದುಹೋಗುತ್ತದೆ. ಆದರೆ ಒಳಗಿನ ಬೆವರೂ ಹೊರಹೋಗುವುದಿಲ್ಲ. ಗೋರ್-ಟೆಕ್ಸ್‌ನಂತಹ ಪೊರೆಯಿರುವ ಬಟ್ಟೆಗಳು ನೀರನ್ನು ತಡೆದು ಬೆವರಿನ ಆವಿಯನ್ನು ಹೊರಬಿಡುತ್ತವೆ. ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡವನ್ನು ತಾಳಿಕೊಳ್ಳುತ್ತದೆ ಎಂಬುದರ ಅಳತೆ ಅದು. ಮಳೆಯಲ್ಲಿ ನಿಲ್ಲುವುದಕ್ಕೆ 10,000 ಸಾಕೆನಿಸಿದರೂ, ಒದ್ದೆ ಹಲಗೆಯ ಮೇಲೆ ಕೂರುವ, ಮಂಡಿಯೂರುವ ದೋಣಿಯ ಕೆಲಸಕ್ಕೆ 20,000 ಮಿಲಿಮೀಟರಿನದು ಬೇಕೆಂಬುದು ನನ್ನ ಎಣಿಕೆ. ಬಟ್ಟೆಯಷ್ಟೇ ಮುಖ್ಯವಾದುದು ಹೊಲಿಗೆ. ಒಳಗಿನಿಂದ ಪಟ್ಟಿ ಅಂಟಿಸಿ ಮುಚ್ಚದ ಹೊಲಿಗೆಯ ತೂತುಗಳಲ್ಲಿ ನೀರು ಸಲೀಸಾಗಿ ಇಳಿಯುತ್ತದೆ. ಬಲೆಯಿಂದ ಮೀನು ಬಿಡಿಸುವ, ಹೆಚ್ಚು ಗಲೀಜಾಗುವ ಕೆಲಸದವರಿಗೆ ಪಿವಿಸಿ. ಆಗಾಗ ಹುಟ್ಟು ಹಾಕುವವರಿಗೆ, ನಿಂತು ಗಾಳ ಬೀಸುತ್ತಲೇ ಇರುವವರಿಗೆ ಬೆವರು ಹೊರಬಿಡುವ ಬಟ್ಟೆ.

ಪ್ಯಾಂಟ್ ಸೊಂಟದವರೆಗಿನದಾಗಿರದೆ, ಎದೆಯವರೆಗೆ ಬಂದು ಹೆಗಲ ಪಟ್ಟಿಗಳಿಂದ ನಿಲ್ಲುವ ಬಿಬ್ ಪ್ಯಾಂಟ್ ಆಗಿರಲಿ. ಬಗ್ಗಿದಾಗ ಸೊಂಟ ತೆರೆದುಕೊಳ್ಳುವುದಿಲ್ಲ, ಕೋಟು ತೆಗೆದಾಗಲೂ ಎದೆ ಒಣಗಿರುತ್ತದೆ. ಮೇಲಿನಿಂದಲೂ ಕೆಳಗಿನಿಂದಲೂ ತೆರೆಯುವ ಜಿಪ್ಪಿರುವ ಬಿಬ್ ಪ್ಯಾಂಟ್ ಹುಡುಕಿ. ಹೆಂಗಸರಿಗೆ ಹಿಂಬದಿ ತೆರೆಯುವಂತೆ ಹೊಲಿದವೂ ಸಿಗುತ್ತವೆ. ಮೂತ್ರ ವಿಸರ್ಜನೆಗೆಂದು ದೋಣಿಯ ಅಂಚಿನಲ್ಲಿ ನಿಂತು, ಎರಡೂ ಕೈಗಳಿಂದ ಪದರ ಪದರವಾಗಿ ಬಟ್ಟೆ ಸರಿಸುತ್ತಿರುವವರಿಗೆ ಆಧಾರವೇ ಇರುವುದಿಲ್ಲ. ಅದು ನೀರಿಗೆ ಬೀಳಲು ಹೇಳಿ ಮಾಡಿಸಿದ ಭಂಗಿ. ಸಂಕೋಚ ಬಿಟ್ಟು ದೋಣಿಯ ನಡುವೆ ಕೂತು ಬಕೆಟ್ ಬಳಸುವುದು ಎಲ್ಲರಿಗೂ ಕ್ಷೇಮ.

ಕೋಟು ಕೊಳ್ಳುವಾಗ ಮೊದಲು ಮಣಿಕಟ್ಟನ್ನು ನೋಡಿ. ಮೀನನ್ನು ಎತ್ತಲು ಕೈಯನ್ನು ನೀರಿಗಿಳಿಸಿದಾಗ ತೋಳಿನ ಸಡಿಲ ಅಂಚಿನಿಂದ ನೀರು ಒಳನುಗ್ಗುತ್ತದೆ. ಕೋಲು ಹಿಡಿಯಲು ತೋಳೆತ್ತಿದೊಡನೆ ಅದೇ ನೀರು ಮೊಣಕೈ ದಾಟಿ ಕಂಕುಳವರೆಗೆ ಇಳಿಯುತ್ತದೆ. ಒಮ್ಮೆ ತೊಯ್ದ ಒಳತೋಳು ಸಂಜೆಯವರೆಗೂ ಒಣಗುವುದಿಲ್ಲ. ಹೊರಗೆ ವೆಲ್ಕ್ರೋ ಪಟ್ಟಿ, ಒಳಗೆ ಮಣಿಕಟ್ಟನ್ನು ಅಪ್ಪಿ ಹಿಡಿಯುವ ನಿಯೋಪ್ರೀನ್ (ಮೆತ್ತನೆಯ ಕೃತಕ ರಬ್ಬರ್) ಪಟ್ಟಿ, ಹೀಗೆ ಎರಡು ತಡೆಗಳಿರುವ ಕೋಟು ಸಿಕ್ಕರೆ ಬಿಡಬೇಡಿ. ಕೋಟಿಗೆ ಹೊಲಿದ ಟೋಪು ತಲೆಯೊಂದಿಗೆ ತಿರುಗಬೇಕು. ತಲೆ ತಿರುಗಿಸಿದಾಗ ಟೋಪು ನಿಂತಲ್ಲೇ ನಿಂತು ಒಂದು ಕಣ್ಣನ್ನು ಮುಚ್ಚಿದರೆ ಪಕ್ಕದಿಂದ ಬರುವ ಅಲೆಯಾಗಲಿ, ಬೀಸಿದ ಕೊಕ್ಕೆಯಾಗಲಿ ಕಾಣುವುದಿಲ್ಲ.

ಬಣ್ಣದಲ್ಲಿ ರಾಜಿ ಬೇಡ. ನೀಲಿ, ಬೂದು, ಬಿಳಿ, ಹಸಿರು ಬಣ್ಣಗಳು ನೀರಿನಲ್ಲೂ ನೊರೆಯಲ್ಲೂ ಕರಗಿಹೋಗುತ್ತವೆ. ನೀರಿನ ಮೇಲೆ ಕಾಣುವುದು ತಲೆ ಮತ್ತು ಹೆಗಲು ಮಾತ್ರವಾದ್ದರಿಂದ ಟೋಪಿಯೂ ಕೋಟಿನ ಹೆಗಲೂ ಹೊಳೆಯುವ ಕಿತ್ತಳೆ ಅಥವಾ ಹಳದಿಯಾಗಿರಲಿ, ಬೆಳಕು ಬಿದ್ದರೆ ಮಿನುಗುವ ಪಟ್ಟಿ ಅವುಗಳ ಮೇಲಿರಲಿ.

ಇನ್ನು ಎದೆಯವರೆಗಿನ ವೇಡರ್ ಬೂಟಿನ ವಿಷಯ. ನಡೆದು ನೀರಿಗಿಳಿದು ಗಾಳ ಹಾಕುವವರ ಈ ಉಡುಪನ್ನು ಕೆಲವರು ದೋಣಿಯಲ್ಲೂ ತೊಡುತ್ತಾರೆ. ಅದರೊಳಗೆ ತುಂಬಿದ ನೀರು ಮನುಷ್ಯನನ್ನು ತಳಕ್ಕೆ ಎಳೆದೊಯ್ಯುತ್ತದೆ ಎಂಬ ನಂಬಿಕೆ ಸರಿಯಲ್ಲ, ನೀರಿನೊಳಗೆ ನೀರಿಗೆ ತೂಕವಿಲ್ಲ. ನಿಜವಾದ ತೊಂದರೆ ಈಜುವಾಗ ಮತ್ತು ಮೇಲೆ ಹತ್ತುವಾಗ. ನೀರು ತುಂಬಿದ ಕಾಲುಗಳನ್ನು ದೋಣಿಯ ಅಂಚಿನ ಮೇಲಕ್ಕೆ ಎತ್ತುವುದು ಬಲಶಾಲಿಗೂ ಕಷ್ಟ. ದೋಣಿಗೆ ಬಿಬ್ ಪ್ಯಾಂಟೇ ಸರಿ. ನೀರು ಬಹಳ ತಣ್ಣಗಿರುವ ಕಡೆ ಸಣ್ಣ ದೋಣಿಯಲ್ಲಿ ಒಬ್ಬರೇ ಹೋಗುವವರು ಡ್ರೈಸೂಟ್ ಬಗ್ಗೆ ಯೋಚಿಸಬೇಕು. ಕುತ್ತಿಗೆ, ಮಣಿಕಟ್ಟುಗಳಲ್ಲಿ ನೀರು ನುಗ್ಗದಂತೆ ಮುಚ್ಚಿಕೊಳ್ಳುವ ಈ ಸೂಟ್ ತಾನಾಗಿ ಬೆಚ್ಚಗಿಡುವುದಿಲ್ಲ, ಒಳಗೆ ಥರ್ಮಲ್ ಮತ್ತು ಫ್ಲೀಸ್ ಇರಲೇಬೇಕು; ತೊಟ್ಟ ಮೇಲೆ ಕುಕ್ಕರಗಾಲಲ್ಲಿ ಕೂತು ಕುತ್ತಿಗೆಯ ಪಟ್ಟಿಯನ್ನು ಸ್ವಲ್ಪ ಸರಿಸಿ ಒಳಗಿನ ಹೆಚ್ಚಿನ ಗಾಳಿಯನ್ನು ಹೊರಬಿಡಬೇಕು.

ಕೈಗಳು

ಚಳಿಗಾಲದ ಮೀನುಗಾರಿಕೆಯಲ್ಲಿ ಮೊದಲು ಸೋಲುವುದು ಕೈ. ಬೆರಳಿನ ಚರ್ಮದ ಉಷ್ಣಾಂಶ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಬೆರಳಿನ ನಯವಾದ ಕೆಲಸಗಳೆಲ್ಲ ತಪ್ಪತೊಡಗುತ್ತವೆ. ಗಾಳದ ದಾರಕ್ಕೆ ಗಂಟು ಹಾಕಲು ಹೋದರೆ ದಾರ ಬೆರಳ ನಡುವೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಮೀನಿನ ಬಾಯಿಂದ ಕೊಕ್ಕೆ ಬಿಡಿಸುವಾಗ ಅದು ಹೆಬ್ಬೆರಳಿಗೆ ಚುಚ್ಚಿದ್ದೂ ರಕ್ತ ಕಂಡ ಮೇಲಷ್ಟೇ ಗೊತ್ತಾಗುತ್ತದೆ. ಇದು ಬರಿಯ ಅನನುಕೂಲದ ಮಾತಲ್ಲ. ಇಂತಹ ಬೆರಳುಗಳಿಗೆ ಲೈಫ್ ಜಾಕೆಟ್ಟಿನ ಬಕಲ್ ಹಾಕಲೂ, ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ತುರ್ತು ಸ್ವಿಚ್ಚಿನ ಹಗ್ಗವನ್ನು ಸಿಕ್ಕಿಸಲೂ ಆಗುವುದಿಲ್ಲ.

ಎಲ್ಲ ಕೆಲಸಕ್ಕೂ ಒಗ್ಗುವ ಕೈಗವಸು ಎಂಬುದಿಲ್ಲ. ಒಂದೇ ಜೊತೆಯಲ್ಲಿ ಎಲ್ಲವನ್ನೂ ಹುಡುಕುವವರಿಗೆ ಒಂದೂ ಸರಿಯಾಗಿ ಸಿಗುವುದಿಲ್ಲ. ಮೂರು ಜೊತೆ ಒಯ್ಯಿರಿ. ದೋಣಿ ಓಡುವಾಗ ಗಾಳಿ, ನೀರು ಎರಡನ್ನೂ ತಡೆಯುವ ದಪ್ಪ ಕೈಗವಸು. ಬೆರಳುಗಳೆಲ್ಲ ಒಟ್ಟಿಗಿರುವ ಮಿಟನ್ ಬಗೆಯದಾದರೆ ಇನ್ನೂ ಬೆಚ್ಚಗಿರುತ್ತದೆ. ಗಾಳ ಹಾಕುವಾಗ ತೆಳು ನಿಯೋಪ್ರೀನಿನದು, ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಮಡಚಿ ತೆರೆಯುವಂತಿರಬೇಕು. ಅಥವಾ ತುದಿಯಿಲ್ಲದ ಒತ್ತು ಉಣ್ಣೆಯದು, ತೊಯ್ದರೂ ಹಿಂಡಿ ಹಾಕಿಕೊಳ್ಳಬಹುದು. ಮೀನನ್ನು, ಲಂಗರಿನ ಹಗ್ಗವನ್ನು ಹಿಡಿಯಲು ಒಳಗೆ ಉಣ್ಣೆ ಅಥವಾ ಫ್ಲೀಸ್ ಇರುವ ರಬ್ಬರ್ ಕೈಗವಸು. ಒದ್ದೆಯಾದ ಜೊತೆಯನ್ನು ಒಣ ಜೊತೆಯೊಂದಿಗೆ ಒಂದೇ ಜೇಬಿನಲ್ಲಿ ತುರುಕಬೇಡಿ.

ಬಿಗಿಯಾದ ಕೈಗವಸು ರಕ್ತದ ಓಟವನ್ನು ತಡೆದು ಚಳಿಯನ್ನು ಹೆಚ್ಚಿಸುತ್ತದೆ. ಎಳೆ ಬಿಟ್ಟ ಉಣ್ಣೆಗೆ ಕೊಕ್ಕೆ ಸಿಕ್ಕಿಕೊಳ್ಳುತ್ತದೆ; ಹಗ್ಗ ಸುತ್ತುವ ಯಂತ್ರ ತಿರುಗುವ ಕಡೆ ಸಡಿಲ ಕೈಗವಸು ತೊಟ್ಟು ಕೈಚಾಚಿದರೆ ಬೆರಳಿಗೇ ಸಂಚಕಾರ. ಕೈಗವಸು ಇದೆಯೆಂದು ಗಾಳದ ದಾರವನ್ನು ಅಂಗೈಗೆ ಸುತ್ತಿಕೊಂಡು ಎಳೆಯಬಾರದು, ಹೆಣೆದ ದಾರ ಬಟ್ಟೆಯನ್ನೂ ಚರ್ಮವನ್ನೂ ಒಟ್ಟಿಗೆ ಕೊಯ್ಯುತ್ತದೆ. ಕೈ ಬಿಸಿಮಾಡುವ ಪೊಟ್ಟಣಗಳಲ್ಲಿರುವುದು ಕಬ್ಬಿಣದ ಪುಡಿ. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಶಾಖ ಕೊಡುತ್ತದೆ. ತೊಯ್ದರೆ ಕೆಲಸ ನಿಲ್ಲುತ್ತದೆ. ಮರಗಟ್ಟಿದ ಚರ್ಮಕ್ಕೆ ನೇರವಾಗಿ ಒತ್ತಿದರೆ ಸುಟ್ಟರೂ ತಿಳಿಯುವುದಿಲ್ಲ, ಆದ್ದರಿಂದ ನಡುವೆ ಬಟ್ಟೆಯಿರಲಿ. ಕೋಟಿನ ಒಳಜೇಬಿನಲ್ಲಿ ಒಂದು ಒಣ ಟವೆಲ್ ಇಟ್ಟುಕೊಂಡು, ಮೀನು ಮುಟ್ಟಿದಾಗಲೆಲ್ಲ ಕೈ ಒರೆಸಿಕೊಂಡೇ ಕೈಗವಸು ಹಾಕಿಕೊಳ್ಳುವ ಅಭ್ಯಾಸ ಎಷ್ಟೋ ಬೆಲೆಬಾಳುವ ಕೈಗವಸಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕಾಲು ಮತ್ತು ತಲೆ

ಒಳಗೆ ಫೋಮ್ ಅಥವಾ ನಿಯೋಪ್ರೀನ್ ಪದರವಿರುವ, ಒದ್ದೆ ಹಲಗೆಯ ಮೇಲೆ ಜಾರದ ಅಟ್ಟೆಯ ರಬ್ಬರ್ ಬೂಟು ಬೇಕು. ತೆಳು ಕಾಲ್ಚೀಲದ ಮೇಲೆ ಒಂದು ದಪ್ಪ ಉಣ್ಣೆಯ ಕಾಲ್ಚೀಲ ಸಾಕು. ಮೂರನೆಯದನ್ನು ತುರುಕಿದರೆ ಬೂಟು ಬಿಗಿಯಾಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಆ ಎರಡು ಕಾಲ್ಚೀಲಗಳನ್ನು ಹಾಕಿಕೊಂಡೇ ಬೂಟಿನ ಅಳತೆ ನೋಡಿ, ಬೆರಳುಗಳು ಒಳಗೆ ಸಲೀಸಾಗಿ ಆಡಬೇಕು. ಪ್ಯಾಂಟಿನ ಅಂಚು ಬೂಟಿನ ಹೊರಗೆ ಇಳಿದಿರಲಿ, ಒಳಗೆ ತುರುಕಿದರೆ ಮೇಲಿಂದ ಹರಿದ ನೀರೆಲ್ಲ ಬೂಟಿಗೇ ಇಳಿಯುತ್ತದೆ. ನೀರಿನಲ್ಲಿ ಕಾಲಿನಿಂದ ಕಳಚಿ ಹಾಕಲು ಬರುವಂತಹ ಬೂಟಾದರೆ ಮೇಲು.

ಮೈಯ ಶಾಖದಲ್ಲಿ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆ ಎಂಬ ಮಾತು ನಿಜವಲ್ಲ. ತಲೆ ಮೈಯ ಮೇಲ್ಮೈಯಲ್ಲಿ ಸುಮಾರು ಹತ್ತನೇ ಒಂದು ಭಾಗ, ಶಾಖವೂ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ. ಆದರೂ ಉಳಿದ ಮೈಯೆಲ್ಲ ಮುಚ್ಚಿರುವಾಗ ತೆರೆದ ತಲೆ, ಕಿವಿ, ಕುತ್ತಿಗೆಗಳ ನಷ್ಟವೇ ಎದ್ದುಕಾಣುತ್ತದೆ. ಕಿವಿ ಮುಚ್ಚುವ ಉಣ್ಣೆ ಟೋಪಿ ತೊಡಿ. ಉದ್ದನೆಯ ಮಫ್ಲರಿನ ತುದಿ ಯಂತ್ರಕ್ಕೋ ದಾರಕ್ಕೋ ಸಿಕ್ಕಿಕೊಳ್ಳುವುದರಿಂದ ಅದರ ಬದಲು ಕೊಳವೆಯಾಕಾರದ ಕುತ್ತಿಗೆ ಪಟ್ಟಿ ಒಳ್ಳೆಯದು. ನೀರಿನ ಮೇಲಿನ ಹೊಳಪನ್ನು ತಗ್ಗಿಸುವ ಪೋಲರಾಯ್ಡ್ ಕನ್ನಡಕ ಬೀಸುವ ಕೊಕ್ಕೆಯಿಂದ ಕಣ್ಣನ್ನೂ ಕಾಯುತ್ತದೆ.

ಎಲ್ಲವನ್ನೂ ಒಟ್ಟಿಗೆ ತೊಟ್ಟು ಪರೀಕ್ಷಿಸಿ

ಬಿಡಿಬಿಡಿಯಾಗಿ ಸರಿಯಿದ್ದ ಬಟ್ಟೆಗಳು ಒಟ್ಟಿಗೆ ತೊಟ್ಟಾಗ ಕೈಕೊಡಬಹುದು. ಮನೆಯಲ್ಲೇ ಎಲ್ಲ ಪದರಗಳನ್ನೂ ಲೈಫ್ ಜಾಕೆಟ್ ಸಮೇತ ತೊಟ್ಟು, ಕುಕ್ಕರಗಾಲಲ್ಲಿ ಕೂತೇಳಿ, ಗಾಳ ಬೀಸುವಂತೆ ತೋಳನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಸೊಂಟದೆತ್ತರದ ಗೋಡೆಯ ಮೇಲೆ ಒಂದು ಕಾಲನ್ನು ಎತ್ತಿಡಲು ನೋಡಿ. ಆ ಕಾಲು ಏಳದಿದ್ದರೆ ನೀರಿನಿಂದ ದೋಣಿ ಹತ್ತುವುದೂ ಆಗದು. ಒಂದು ಪದರ ಕಡಿಮೆ ಮಾಡಬೇಕು, ಇಲ್ಲವೇ ಹೊರಪದರ ಒಂದು ಅಳತೆ ದೊಡ್ಡದಾಗಬೇಕು. ಸಾಧ್ಯವಿದ್ದವರು ಬೆಚ್ಚಗಿನ ದಿನ, ದಡದ ಬಳಿ, ಎದೆಮಟ್ಟದ ನೀರಿನಲ್ಲಿ ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ಇದೇ ಉಡುಪಿನಲ್ಲಿ ಒಮ್ಮೆ ತೇಲಿ ನೋಡಬೇಕು. ಬಟ್ಟೆಯೊಳಗಿನ ಗಾಳಿ ಮೈಯನ್ನು ಹೇಗೆ ಹೊರಳಿಸುತ್ತದೆ, ಸೀಟಿ ಕೈಗೆ ಎಟುಕುತ್ತದೆಯೇ ಎಂಬುದೆಲ್ಲ ಆಗಲೇ ತಿಳಿಯುವುದು. ಸೀಟಿ, ದೀಪ, ನೀರು ನುಗ್ಗದ ಚೀಲದಲ್ಲಿ ಫೋನು ಮೂರೂ ಮೈಮೇಲಿರಬೇಕು. ದೋಣಿಯ ಪೆಟ್ಟಿಗೆಯಲ್ಲಿಟ್ಟವು ಬಿದ್ದವರ ಕೈಗೆ ಸಿಗುವುದಿಲ್ಲ.

ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ, ಚಳಿಯಾಗುತ್ತಿದೆ ಎಂದು ಅವರು ಹೇಳುವುದೂ ತಡವಾಗಿ. ಅವರಿಗೆ ತೂಕಕ್ಕೆ ತಕ್ಕ ಅಳತೆಯ ಫೋಮ್ ಲೈಫ್ ಜಾಕೆಟ್ಟೇ ಆಗಬೇಕು, ಬೆಳೆದ ಮೇಲೆ ಆಗುತ್ತದೆ ಎಂದು ದೊಡ್ಡದನ್ನು ಕೊಳ್ಳಬಾರದು.

ದೋಣಿಯಲ್ಲಿ

ದೋಣಿಯನ್ನು ನೀರಿಗಿಳಿಸುವಾಗ, ಸಾಮಾನು ಹೊರುವಾಗ ನಡುವಿನ ಪದರವನ್ನು ತೆಗೆದಿಟ್ಟು ಕೆಲಸ ಮಾಡಿ. ಆಗ ಬಂದ ಬೆವರೇ ಮುಂದೆ ದಿನವಿಡೀ ಚಳಿ ತರುವುದು. ಆಮೇಲೆ ನಡುಕ ಶುರುವಾಗುವ ಮೊದಲೇ ಬಟ್ಟೆ ಸೇರಿಸಿಕೊಳ್ಳಬೇಕು. ನೀರು ನುಗ್ಗದ ಚೀಲವೊಂದರಲ್ಲಿ ಥರ್ಮಲ್, ಫ್ಲೀಸ್, ಕಾಲ್ಚೀಲ, ಟೋಪಿ, ಕೈಗವಸುಗಳ ಪೂರ್ತಿ ಜೊತೆಯೊಂದನ್ನು ಕಟ್ಟಿ ದೋಣಿಗೆ ಬಿಗಿದಿಡಿ. ಮದ್ಯ ಬೇಡ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದಂತೆ ತೋರಿಸುತ್ತದೆ, ಶಾಖವೆಲ್ಲ ಹೊರಗೆ ಹೋಗುತ್ತಿರುತ್ತದೆ.

ನೀರಿಗೆ ಬಿದ್ದರೆ ಬಟ್ಟೆ ಕಳಚಬೇಡಿ. ತೊಯ್ದ ಬಟ್ಟೆಯೂ ಮೈ ಬಳಿಯ ನೀರನ್ನು ಹಿಡಿದಿಟ್ಟು ಶಾಖ ಉಳಿಸುತ್ತದೆ. ಮೊದಲ ನಿಮಿಷ ಈಜಲು ಹೋಗದೆ, ಬೆನ್ನ ಮೇಲೆ ತೇಲುತ್ತ ಉಸಿರು ಹತೋಟಿಗೆ ಬರುವವರೆಗೆ ಕಾಯಿರಿ, ಆಮೇಲೆ ಕೈಯಲ್ಲಿ ಶಕ್ತಿಯಿರುವಾಗಲೇ ದೋಣಿ ಹತ್ತಿ. ಹತ್ತಲಾಗದಿದ್ದರೆ ಮಂಡಿಗಳನ್ನು ಎದೆಗೆಳೆದುಕೊಂಡು, ತೋಳುಗಳನ್ನು ಪಕ್ಕೆಗೆ ಒತ್ತಿಕೊಂಡು ಕಾಯಬೇಕು. ದೋಣಿಗೆ ಬಂದವರ ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ತೊಡಿಸಿ, ಗಾಳಿ ತಾಗದಂತೆ ಮುಚ್ಚಿ, ಕೈಕಾಲು ಉಜ್ಜಬೇಡಿ. ಒಳಮೈ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದವರಲ್ಲಿ ಮಾತು ತೊದಲುವುದು, ಹೆಜ್ಜೆ ತಡವರಿಸುವುದು, ಸಿಡುಕು, ಮಂಕು ಕಾಣಿಸಿಕೊಳ್ಳುತ್ತವೆ. ನಡುಗುತ್ತಿದ್ದವರ ನಡುಕ ಮೈ ಬೆಚ್ಚಗಾಗದೆಯೇ ನಿಂತಿತೆಂದರೆ ಪರಿಸ್ಥಿತಿ ಕೈಮೀರುತ್ತಿದೆ ಎಂದರ್ಥ, ತಡಮಾಡದೆ ವೈದ್ಯಕೀಯ ನೆರವು ಬೇಕು.

ಮರಳಿದ ಮೇಲೆ

ಸಮುದ್ರಕ್ಕೆ ಹೋಗಿಬಂದ ಬಟ್ಟೆಯನ್ನು ಸಿಹಿನೀರಿನಲ್ಲಿ ಜಾಲಾಡಿ. ಉಳಿದ ಉಪ್ಪು ತೇವವನ್ನು ಹಿಡಿದಿಟ್ಟು ಬಟ್ಟೆಯನ್ನು ಒಣಗಲು ಬಿಡುವುದಿಲ್ಲ, ಲೋಹದ ಜಿಪ್ಪನ್ನೂ ತಿನ್ನುತ್ತದೆ. ಬೆವರು ಹೊರಬಿಡುವ ಕೋಟಿಗೆ ಬಟ್ಟೆ ಮೃದುಗೊಳಿಸುವ ದ್ರವ ಹಾಕಬಾರದು. ಅದರ ಮೇಲೆ ನೀರು ಹನಿಯಾಗಿ ಉರುಳದೆ ಬಟ್ಟೆಗೆ ಇಂಗತೊಡಗಿದ್ದರೆ, ತೊಳೆದು, ಚೀಟಿಯಲ್ಲಿ ಅನುಮತಿಸಿದ್ದರೆ ಡ್ರೈಯರಿನ ಸಣ್ಣ ಶಾಖದಲ್ಲಿ ಒಣಗಿಸಿ. ಆಗಲೂ ಹನಿಗಟ್ಟದಿದ್ದರೆ ನೀರು ಜಾರಿಸುವ ಲೇಪವನ್ನು ಹೊಸದಾಗಿ ಸಿಂಪಡಿಸಬೇಕು. ಗಾಳಿ ತುಂಬುವ ಲೈಫ್ ಜಾಕೆಟ್ಟನ್ನು ಆಗಾಗ ಬಾಯಿಂದ ಊದಿ ಒಂದು ರಾತ್ರಿ ಇಟ್ಟು ನೋಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ದುರಸ್ತಿ ಅಥವಾ ಬದಲಾವಣೆ ಆಗುವವರೆಗೆ ಅದನ್ನು ತೊಟ್ಟು ನೀರಿಗಿಳಿಯಬೇಡಿ.